ಎರಡು ಸೀಟಿನ ದಿಬ್ಬಣ

ಸತ್ತವರಿಗೂ ವಯಸ್ಸಾಗುತ್ತದೆ ಎಂದು ಅಜ್ಜಿ ಹೇಳಿದ್ದು ನಾನು ತೀರ ಚಿಕ್ಕವಳಿದ್ದಾಗ. ಹಲ್ಲು ಬಿದ್ದ ಮಗು ಸತ್ತರೆ ಅಲ್ಲಿ ಅದಕ್ಕೆ ಹೊಸ ಹಲ್ಲು ಬರುತ್ತದೆ. ಹುಡುಗರಿಗೆ ಮೀಸೆ ಬರುತ್ತದೆ. ಹುಡುಗಿಯರ ಜಡೆ ಉದ್ದವಾಗುತ್ತದೆ. ಮದುವೆಯ ವಯಸ್ಸಾದಾಗ ಮಾತ್ರ ಅವರಿಗೆ ಈ ಕಡೆಯ ಮನೆಯ ನೆನಪಾಗುತ್ತದೆ. ಅಲ್ಲಿ ಒಲೆ ಉರಿಯುವುದಿಲ್ಲ, ಊಟವಿಲ್ಲದೆ ಮದುವೆ ಮಾಡುವುದು ಹೇಗೆ?

ಆ ಲೆಕ್ಕದಲ್ಲಿ ನನ್ನ ಅಣ್ಣ ರೋಷನ್‌ಗೆ ಈಗ ಮೂವತ್ತು. ನಂತೂರಿನಲ್ಲಿ ಅವನ ಸ್ಕೂಟರ್ ಲಾರಿಯ ಕೆಳಗೆ ಹೋದಾಗ ಇಪ್ಪತ್ತನಾಲ್ಕು. ಬ್ಯಾಗಿನಲ್ಲಿ ಬ್ರೇಕಿನ ರಬ್ಬರ್ ಕಿಟ್ ಇತ್ತು. ಪಾರ್ಸೆಲ್ ಬಿಡಿಸಿಕೊಂಡು ಬರುತ್ತಿದ್ದ. ಡಬ್ಬಿಯ ಮೂಲೆ ಕೂಡ ನಜ್ಜಾಗಿರಲಿಲ್ಲ. ಅವನನ್ನು ಮನೆಗೆ ತಂದಾಗ ಎಲ್ಲರೂ ಮುಟ್ಟಿ ಅತ್ತರು. ನಾನು ಡಬ್ಬಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೆ.

ಕಿಟ್ ಅವನ ಕಾರಿನದ್ದು. ಯಾರದೋ ಬಂಗಲೆಯ ಹಿಂದೆ ಬಳ್ಳಿ ಹಬ್ಬಿಸಿಕೊಂಡು ಬಿದ್ದಿದ್ದ ಅರುವತ್ತರ ದಶಕದ ಎಂಜಿ ಅದು. ತಲೆಯ ಮೇಲೆ ಸೂರಿಲ್ಲದ, ನೆಲಕ್ಕೆ ಹೊಟ್ಟೆ ತಾಗಿಸಿ ಮಲಗಿದಂತಿರುವ, ಎರಡೇ ಸೀಟಿನ ಸ್ಪೋರ್ಟ್ಸ್ ಕಾರು. ಪಡೀಲಿನ ನಮ್ಮ ಮನೆಯಲ್ಲಿ ದನಗಳಿಲ್ಲದೆ ಖಾಲಿಯಾಗಿದ್ದ ಹಟ್ಟಿಗೆ ಅದನ್ನು ಟೆಂಪೋದಲ್ಲಿ ತಂದಿಳಿಸಿದ್ದ. ಅಜ್ಜಿ ಅದಕ್ಕೊಂದು ಸುತ್ತು ಬಂದು, "ಇದಕ್ಕೆ ಹುಲ್ಲು ಎಷ್ಟು ಬೇಕು ಮಗಾ?" ಎಂದು ಕೇಳಿದ್ದರು.

ಅವನು ಹೋದ ಮೇಲೆ ಆ ಕೆಲಸವನ್ನು ನಾನು ಹಿಡಿದೆ. ಹಗಲು ಆಫೀಸಿನಲ್ಲಿ ಬಿಲ್ ಮಾಡುವುದು, ಸಂಜೆ ಹಟ್ಟಿ. ಕಾರು ಮುಗಿಯಲಿ, ಆಮೇಲೆ ಅಳೋಣ ಅಂದುಕೊಂಡಿದ್ದೆ. ಕಾರು ಮುಗಿಯಲಿಲ್ಲ. ಒಂದು ಕಡೆ ಉಜ್ಜಿ ಪ್ರೈಮರ್ ಹೊಡೆಯುವಷ್ಟರಲ್ಲಿ ಇನ್ನೊಂದು ಕಡೆ ತುಕ್ಕು ಏಳುತ್ತಿತ್ತು. ಕಬ್ಬಿಣ ಸಮುದ್ರದ ಮಗಳು, ತವರಿಗೆ ಕರೆಯಲು ತಾಯಿ ಗಾಳಿಯನ್ನು ಕಳಿಸುತ್ತಲೇ ಇರುತ್ತಾಳೆ ಎಂಬುದು ಅಜ್ಜಿಯ ಕತೆ. ನಾನು ಮರಳುಕಾಗದ ಹಿಡಿದು ಆ ಮಗಳನ್ನು ಕಳಿಸಲಾರೆ ಅನ್ನುತ್ತಿದ್ದೆ.

ಕೆಲಸ ಕಲಿಸಿದವನು ಅಣ್ಣನ ಗೆಳೆಯ ಹಿಶಾಮ್. ಕಂಕನಾಡಿಯಲ್ಲಿ ಅವನದ್ದೊಂದು ಗ್ಯಾರೇಜು. ಭಾನುವಾರ ಹೆಂಡತಿ ಕಟ್ಟಿಕೊಟ್ಟ ತಿಂಡಿಯ ಡಬ್ಬಿ ಹಿಡಿದು ಬರುತ್ತಿದ್ದ, ಅರ್ಧ ಅಜ್ಜಿಗೆ ಕೊಡುತ್ತಿದ್ದ.

"ಅಶ್ಮೀ, ಈ ಕಾರು ಹೋದ ವರ್ಷವೇ ರೆಡಿ ಇತ್ತು ಮಾರಾಯ್ತಿ," ಎಂದ ಒಮ್ಮೆ. "ನೀನು ಬಿಚ್ಚುವುದು, ಹಾಕುವುದು, ಪುನಃ ಬಿಚ್ಚುವುದು. ಸ್ಕ್ರೂಗಳಿಗೆ ಸಹ ತಲೆ ತಿರುಗ್ತಾ ಉಂಟು."

"ಗೇರ್‌ಬಾಕ್ಸಿನಲ್ಲಿ ಎಂತದೋ ಶಬ್ದ ಉಂಟು."

"ಶಬ್ದ ಇಲ್ಲದಿದ್ರೆ ಅದು ಕಾರಲ್ಲ, ಫ್ರಿಜ್ಜು."

"ಫ್ರಿಜ್ಜು ಸಹ ಶಬ್ದ ಮಾಡ್ತದೆ."

ಅವನು ನನ್ನ ಮುಖ ನೋಡಿದ. ಆಮೇಲೆ ಬಾನೆಟ್ ಮುಚ್ಚಿದ.

ಈ ವರ್ಷ ಆಟಿ, ಅಂದರೆ ಆಷಾಢ, ತಿಂಗಳಿಗೆ ಮೊದಲು ಪೂವಪ್ಪ ಮಾವ ಬಂದರು. ಅಮ್ಮನ ಅಣ್ಣ. ಅಪ್ಪ ಮಸ್ಕತ್‌ನಲ್ಲಿರುವುದರಿಂದ ಮನೆಯ ಮದುವೆ ಮಾತುಗಳೆಲ್ಲ ಮಾವನದೇ. ನನ್ನನ್ನು ನೋಡಲು ಬಂದವರೆಲ್ಲ ಚಹಾ ಕುಡಿದು ಹೋಗಿದ್ದರು, ಯಾರೂ ತಿರುಗಿ ಫೋನ್ ಮಾಡಿರಲಿಲ್ಲ. ಮಾವ ಜೋಯಿಸರಲ್ಲಿ ಕೇಳಿಸಿದ್ದರು.

"ದೊಡ್ಡವನೊಬ್ಬ ಮದುವೆಗೆ ಕಾಯ್ತಾ ಇದ್ದಾನಂತೆ. ಅವನದ್ದು ಆಗದೆ ಇವಳದ್ದು ಆಗ್ಲಿಕ್ಕಿಲ್ಲ," ಎಂದರು. ನಮ್ಮಲ್ಲಿ ಸತ್ತ ಮೇಲೂ ಹಾಗೆ ಕಾಯುವ ಜೀವವನ್ನು ಕುಲೆ ಎನ್ನುತ್ತಾರೆ. ಅವನಿಗೆ ಹೆಣ್ಣೂ ಸಿಕ್ಕಿತ್ತು: ಫರಂಗಿಪೇಟೆಯ ದೀಕ್ಷಿತಾ. ಪಿಯುಸಿಯಲ್ಲಿದ್ದಾಗ ಕಾಮಾಲೆಯಿಂದ ತೀರಿಕೊಂಡವಳು. ಜಾತಕ ಕೂಡಿತ್ತು.

"ಒಳ್ಳೆ ಮನೆತನ. ಹುಡುಗಿ ಬೆಳ್ಳಗೆ ಇದ್ದಳಂತೆ."

"ಈಗ ಬಿಸಿಲೂ ಇಲ್ಲ," ಎಂದರು ಅಜ್ಜಿ. "ಇನ್ನೂ ಬೆಳ್ಳಗಾಗಿರ್ತಾಳೆ."

ಅಮ್ಮ ನಕ್ಕಳು. ನಗು ಮುಗಿದ ಮೇಲೂ ಬಾಯಿ ಸ್ವಲ್ಪ ಹೊತ್ತು ಹಾಗೇ ಇತ್ತು.

ಅಜ್ಜಿಯದ್ದು ಒಂದೇ ಷರತ್ತು. ಹುಡುಗಿ ಮನೆಗೆ ಬರುವುದು ಅವನ ಕಾರಿನಲ್ಲಿ ಆಗಬೇಕು. "ಅವನ ಜೀವ ಇದ್ದದ್ದು ಅದರಲ್ಲಿ. ವ್ಯಾನಿನಲ್ಲಿ ಕರೆದ್ರೆ ಬರ್ಲಿಕ್ಕಿಲ್ಲ ಅವನು. ಹಟ್ಟಿಯಲ್ಲೇ ಕೂತುಕೊಳ್ತಾನೆ. ಅಲ್ಲಿ ಒಬ್ಬಳು ಕೂತದ್ದು ಸಾಲದಾ?"

ಮಾವ ನನ್ನ ಕಡೆ ತಿರುಗಿದರು. "ಅಶ್ಮೀ, ಕಾರು ಓಡ್ತದಾ?"

ಗೇರ್‌ಬಾಕ್ಸಿನ ಶಬ್ದದ ಬಗ್ಗೆ ಹೇಳಬೇಕೆಂದಿದ್ದೆ. ಹೇಳಿದರೆ ಮದುವೆ ಮುಂದೆ ಹೋಗುತ್ತಿತ್ತು, ಕಾರು ನನ್ನ ಹತ್ತಿರವೇ ಉಳಿಯುತ್ತಿತ್ತು. ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದ ಹಿಶಾಮ್ ಲೋಟ ಕೆಳಗಿಟ್ಟ.

"ಓಡ್ತದೆ," ಎಂದ.

ಉಳಿದದ್ದು ಬ್ರೇಕು. ಅಣ್ಣನ ಬ್ಯಾಗಿನ ಆ ಡಬ್ಬಿಯನ್ನು ತೆರೆದು ರಬ್ಬರುಗಳನ್ನು ಹಾಕಿದೆ. ಬೆಳಿಗ್ಗೆ ನೋಡಿದರೆ ಚಕ್ರದ ಒಳಗಿನಿಂದ ಬ್ರೇಕಿನ ಎಣ್ಣೆ ಇಳಿದು ನೆಲದ ಮೇಲೆ ಕಪ್ಪು ಕಲೆ. ಇಟ್ಟಲ್ಲೇ ಇದ್ದರೂ ರಬ್ಬರು ಗಟ್ಟಿಯಾಗುತ್ತದೆ ಎಂದ ಹಿಶಾಮ್, ಹೊಸದು ತರಿಸಿದ. ಹಳೆಯದನ್ನು ಎಸೆ ಎಂದ. ಎಸೆದೆ. ಏನೂ ಅನ್ನಿಸಲಿಲ್ಲ.

ಕೊನೆಗೆ ಕಾರ್ಬೋರೇಟರ್. ಈ ಕಾರಿಗೆ ಎರಡು. ಎರಡೂ ಒಂದೇ ಅಳತೆಯಲ್ಲಿ ಗಾಳಿ ಎಳೆಯದಿದ್ದರೆ ಎಂಜಿನ್ ಕುಂಟುತ್ತದೆ. ರಬ್ಬರ್ ಪೈಪಿನ ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬೋರೇಟರಿನ ಬಾಯಿಗೆ. ಇದರ ಉಸಿರು ಕೇಳುವುದು, ಅದರ ಉಸಿರು ಕೇಳುವುದು, ಸ್ಕ್ರೂವನ್ನು ಕೂದಲಷ್ಟು ತಿರುಗಿಸುವುದು. ಒಂದು ಸಂಜೆ ಎರಡೂ ಉಸಿರು ಒಂದೇ ಆದವು. ಇನ್ನು ಬಿಚ್ಚಲು ಏನೂ ಇರಲಿಲ್ಲ. ಸ್ಪಾನರ್‌ಗಳನ್ನು ಒರೆಸಿ ಸಾಲಾಗಿ ಇಟ್ಟೆ.

ಧಾರೆ ಫರಂಗಿಪೇಟೆಯಲ್ಲಿ. ಮದುವೆಯಾಗದವರು ಕುಲೆಗಳ ಮದುವೆ ನೋಡಬಾರದು, ಹಾಗಾಗಿ ನಾನು ಮನೆಯಲ್ಲೇ. ಕಾರಿಗೆ ಕಾಗದಪತ್ರ ಇರಲಿಲ್ಲ. ಹೈವೇಯಲ್ಲಿ ಪೊಲೀಸರು ಮದುಮಗನ ಲೈಸೆನ್ಸ್ ಕೇಳಿದರೆ ಯಾರು ಉತ್ತರ ಕೊಡುವುದು ಎಂದರು ಮಾವ. ಆದ್ದರಿಂದ ಅಲ್ಲಿಂದ ವ್ಯಾನಿನಲ್ಲಿ ಬರುವುದು, ನಮ್ಮ ಓಣಿಯ ತಲೆಯಲ್ಲಿ ಇಳಿದು ಕಾರು ಹತ್ತುವುದು, ಇಳಿಜಾರಿನಲ್ಲಿ ಮನೆಯವರೆಗೆ ಹಿಶಾಮ್ ಬಿಡುವುದು ಎಂದಾಗಿತ್ತು.

ಸಂಜೆ ಹನಿ ಬೀಳುತ್ತಿತ್ತು. ಓಣಿಯ ತಲೆಯಲ್ಲಿ ಹಿಶಾಮ್ ಎಂಜಿನ್ ಚಾಲೂ ಇಟ್ಟು ಸ್ಟೀರಿಂಗ್ ಮುಂದೆ ಕೂತಿದ್ದ. ಅಜ್ಜಿ ಕೋಲು ಊರಿ, ನನ್ನ ಕೈ ಹಿಡಿದು ಅಲ್ಲಿಯವರೆಗೆ ಹತ್ತಿ ಬಂದಿದ್ದರು. ನಾನು ಅವರ ಹಿಂದೆ, ಕಾಂಪೌಂಡ್ ಗೋಡೆಗೆ ಮುಖ ಮಾಡಿ. ವ್ಯಾನು ನಿಂತಿತು. ಗೋಡೆಯ ಕಡೆ ನೋಡುತ್ತಿದ್ದರೂ ಬಳೆಯ ಶಬ್ದ, ಮಲ್ಲಿಗೆಯ ಪರಿಮಳ ಬಂತು. ಉಳಿದದ್ದನ್ನು ಅಜ್ಜಿ ಪಿಸುಮಾತಿನಲ್ಲಿ ಹೇಳುತ್ತಾ ಹೋದರು. ಹುಡುಗಿಯ ಚಿಕ್ಕಮ್ಮ ಹರಿವಾಣದಲ್ಲಿ ಸೀರೆ, ಕರಿಮಣಿ ತಂದು ಎಡಗಡೆಯ ಸೀಟಿನಲ್ಲಿಟ್ಟರು. ಹಿಂದಿನಿಂದ ಅಮ್ಮ, ಅಣ್ಣನ ಪಂಚೆ, ಶರ್ಟು, ಮುಂಡಾಸಿನ ಹರಿವಾಣ ಹಿಡಿದು.

ಅಮ್ಮನ ಹೆಜ್ಜೆ ಕಾರಿನ ಪಕ್ಕದಲ್ಲಿ ನಿಂತುಬಿಟ್ಟಿತು.

"ಅಲ್ಲ," ಎಂದರು ಪೂವಪ್ಪ ಮಾವ ಕೊನೆಗೆ, "ರೋಷನ್ ಕೂತುಕೊಳ್ಳುವುದು ಎಲ್ಲಿ?"

ತಿಂಗಳಿಡೀ ಸೀರೆಯ ಬಣ್ಣದ ಚರ್ಚೆಯಾಗಿತ್ತು. ಮಲ್ಲಿಗೆ ಎಷ್ಟು ಚೆಂಡು, ಕೋಳಿಯಾ ಅಂಜಲ್ ಮೀನಾ ಎಂದು ಜಗಳವೇ ಆಗಿತ್ತು. ಸೀಟು ಎರಡೇ ಎಂಬುದು ಯಾರ ತಲೆಗೂ ಬಂದಿರಲಿಲ್ಲ. ಇಷ್ಟು ವರ್ಷ ಅದರೊಳಗೇ ಬದುಕಿದ ನನಗೂ.

"ಹಿಂದೆ ಜಾಗ ಇಲ್ವಾ?"

"ಹಿಂದೆ ಸ್ಟೆಪ್ನಿ ಉಂಟು ಪೂವಪ್ಪಣ್ಣ," ಎಂದ ಹಿಶಾಮ್.

"ಇಬ್ಬರನ್ನೂ ಒಂದರಲ್ಲೇ ಇಡುವ," ಎಂದರು ಚಿಕ್ಕಮ್ಮ. "ಎಳೆಯ ಪ್ರಾಯ. ಅಡ್ಜಸ್ಟ್ ಮಾಡಿಕೊಳ್ತಾರೆ."

"ಅವನ ಕಾರಿನಲ್ಲಿ ಅವನು ಹೆಂಡತಿಯ ಮಡಿಲಲ್ಲಿ ಕೂತು ಬರುವುದಾ?" ಅದು ಅಮ್ಮನ ಧ್ವನಿ. ಅಮ್ಮ ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಕೇಳದೆ ವರ್ಷಗಳಾಗಿದ್ದವು.

ಅಜ್ಜಿ ಕೋಲಿನಿಂದ ಕಾರಿನ ಬಾಗಿಲು ತಟ್ಟಿದರು. "ಹಿಶಾಮ್, ನೀನು ಇಳಿ ಮಗಾ."

ಅವನು ಇಳಿದ. ಅಂಗಿಯ ತೋಳಿನಿಂದ ಸೀಟನ್ನು ಒರೆಸಿದ. ಅಮ್ಮ ಹರಿವಾಣ ಇಟ್ಟಳು.

"ಈಗ ಬಿಡುವುದು ಯಾರು?" ಎಂದರು ಮಾವ.

"ಇಳಿಜಾರು ಉಂಟಲ್ಲ, ಅದೇ ಹೋಗ್ತದೆ. ಹಿಂದಿನಿಂದ ಹಿಡಿದುಕೊಂಡ್ರೆ ಸಾಕು," ಎಂದರು ಅಜ್ಜಿ.

"ಸ್ಟೀರಿಂಗ್ ಎಡಕ್ಕೆ ಎಳೀತದೆ ಅಜ್ಜಿ," ಎಂದ ಹಿಶಾಮ್. "ಅದರ ಸ್ವಭಾವ ಗೊತ್ತಿರುವುದು ಇವಳಿಗೆ ಮಾತ್ರ."

"ಅವಳು ಮದುವೆ ಆಗದವಳಲ್ವಾ?" ಎಂದರು ಚಿಕ್ಕಮ್ಮ. "ನೋಡ್ಲಿಕ್ಕೆ ಆಗ್ಲಿಕ್ಕಿಲ್ಲ."

"ನೋಡುವುದು ಯಾಕೆ? ಅಶ್ಮೀ, ಬಾ ಇಲ್ಲಿ. ದಾರಿ ನೋಡು. ಸೀಟು ನೋಡಬೇಡ," ಎಂದರು ಅಜ್ಜಿ.

ಬಾಗಿಲು ಮೊಣಕಾಲಿಗಿಂತ ಸ್ವಲ್ಪ ಮೇಲೆ, ಅಷ್ಟೇ. ಪಕ್ಕದಲ್ಲಿ ನಡೆಯುತ್ತಾ ಎಡಗೈ ಒಳಗೆ ಚಾಚಿ ಸ್ಟೀರಿಂಗ್ ಹಿಡಿದೆ. ಹಿಶಾಮ್ ಹ್ಯಾಂಡ್ ಬ್ರೇಕ್ ಬಿಟ್ಟು, ಓಡಿಹೋಗಿ ವ್ಯಾನಿನ ಡ್ರೈವರ್ ಜೊತೆ ಹಿಂದಿನ ಬಂಪರ್ ಹಿಡಿದ. ಮಾವ ಅತ್ತ ಕಡೆಯಿಂದ ಆ ಎರಡು ಸೀಟುಗಳ ಮೇಲೆ ಕೊಡೆ ಹಿಡಿದರು. ನ್ಯೂಟ್ರಲ್‌ನಲ್ಲಿ ಎಂಜಿನ್ ಗುನುಗುತ್ತಾ, ಕಾರು ನಮ್ಮ ನಡಿಗೆಯಲ್ಲಿ ಇಳಿಯಿತು. ದಾರಿ ನೋಡಿದೆ. ಕೆಂಪು ನೀರು ಹರಿದ ಗುರುತು, ಒಂದು ಚಪ್ಪಲಿ, ಗೇಟಿನ ಪಕ್ಕದ ಬಾಳೆ. ಪಂಚೆಯ ಅಂಚು ಗಾಳಿಗೆ ಹಾರಿ ಮಣಿಕಟ್ಟಿಗೆ ತಾಗಿ ಹೋಯಿತು. ಬರೀ ಪಂಚೆ ತಾಗಿತು ಅಂದುಕೊಂಡೆ. ಸ್ಟೀರಿಂಗ್‌ನ ನಡುಕಕ್ಕೆ ಕೈ ಜೋಮು ಹಿಡಿದಿತ್ತು. ಆ ನಡುಕ ಕೈಗಿಂತ ಮೇಲೆ ಏರಲಿಲ್ಲ.

ಅಂಗಳದಲ್ಲಿ ಕಾರು ನಿಂತಿತು. ಹಿಶಾಮ್ ಕೀಲಿಯ ಕಡೆ ಕೈ ಚಾಚಿದ.

"ಮುಟ್ಟಬೇಡ," ಎಂದರು ಅಜ್ಜಿ. "ಅವನೇ ನಿಲ್ಲಿಸ್ಲಿ."

ಹರಿವಾಣಗಳನ್ನು ಎತ್ತಿಕೊಂಡು ಎಲ್ಲರೂ ಒಳಗೆ ಹೋದರು. ದೀಪ, ಆರತಿ, ಬಡಿಸುವುದು. ನಾನು ನೋಡಬಾರದ್ದು. ಹಟ್ಟಿಯ ಹೊಸ್ತಿಲಲ್ಲಿ ಕೂತೆ. ಓಣಿಗೆ ಇಷ್ಟು ಸಾಕೆಂದು ಒಂದು ಬಾಟಲಿ ಪೆಟ್ರೋಲ್ ಮಾತ್ರ ಹಾಕಿದ್ದೆ. ಎರಡೂ ಉಸಿರು ಒಂದಾಗಿ ಕೇಳುತ್ತಿದ್ದವು. ಒಳಗಿನಿಂದ ಮೀನು ಕಾಯಿಸುವ ವಾಸನೆ ಬಂತು. ಯಾರೋ ನಕ್ಕರು. ಎಂಜಿನ್ ಒಮ್ಮೆ ಎಡವಿತು. ಸುಧಾರಿಸಿಕೊಂಡಿತು. ಮತ್ತೆ ಎಡವಿ, ನಿಂತಿತು.

ನನ್ನ ಕೈ ತಾನಾಗಿ ಸ್ಪಾನರ್‌ಗಳ ಕಡೆ ಹೋಯಿತು. ಬಿಚ್ಚುವಂಥದ್ದು ಏನೂ ಇಲ್ಲ ಎಂದು ನೆನಪಾಗಿ ಎದ್ದು ಕಾರಿನ ಹತ್ತಿರ ಹೋದೆ. ಮಳೆಹನಿ ಬಾನೆಟ್ ಮೇಲೆ ಬಿದ್ದಲ್ಲೇ ಆವಿಯಾಗುತ್ತಿತ್ತು. ಅಂಗೈ ಇಟ್ಟೆ. ಸುಟ್ಟಿತು. ತೆಗೆಯಲಿಲ್ಲ.

ಅಮ್ಮ ಬಾಗಿಲಿಗೆ ಬಂದಳು. "ಇಬ್ಬರಿಗೂ ಬಡಿಸಿ ಆಯ್ತು. ನೀನು ಇನ್ನು ಬರಬಹುದಂತೆ. ಬಾ, ಊಟ ಮಾಡು."

"ನಿಂತಿತಮ್ಮ."

"ಕೇಳಿತು."

ಅವಳು ಹೋಗಲಿಲ್ಲ. ಹನಿಗಳು ಈಗ ಆವಿಯಾಗದೆ ನನ್ನ ಬೆರಳುಗಳ ನಡುವೆ ನಿಲ್ಲತೊಡಗಿದ್ದವು.

"ಅಶ್ಮೀ, ಬಾ."

"ಬರ್ತೇನೆ," ಎಂದೆ. "ಇನ್ನೂ ಸ್ವಲ್ಪ ಬಿಸಿ ಉಂಟು."