ಸೀಮೆಸುಣ್ಣದ ಮೇಲಿನ ಗೆರೆ

"ಬರೀ ಬಣ್ಣ ಸೀಳಿದೆ ಅಷ್ಟೇ ಅಲ್ವಾ ಅಮ್ಮಾ?" ಎಂದು ಸೈಕಲ್ ತಂದಿದ್ದ ನರ್ಸ್ ಎರಡನೆಯ ಸಲ ಕೇಳಿದಳು.

ಸೈಕಲ್ಲುಗಳಿಗೆ ಬಣ್ಣ ಹೊಡೆಯುವ ಬಣ್ಣದಮ್ಮ ಬಗ್ಗಿ ನೋಡಿದಳು. ಬೆಂಚಿನ ಮೇಲೆ ಮಲಗಿಸಿದ್ದ ಗಿಳಿಹಸಿರು ಸೈಕಲ್ ಫ್ರೇಮಿನಲ್ಲಿ, ಪೆಡಲ್ ಕೂರುವ ಜಾಗದ ಹತ್ತಿರ, ಉಗುರಿನಷ್ಟುದ್ದದ ಗೀರು. ಅದರ ಪಕ್ಕದಲ್ಲೇ ಕೊಳವೆಯುದ್ದಕ್ಕೂ ಹರಿದ ಬಿಳಿ ಎಳೆ. ಆ ಎಳೆ ಎಳೆದದ್ದು ತನ್ನದೇ ಕೈ ಎಂದು ಗುರುತಿಸಲು ಅವಳಿಗೆ ಕನ್ನಡಕ ಬೇಕಾಗಲಿಲ್ಲ.

ಮೂವತ್ತು ವರ್ಷದ ಹಿಂದೆ ಬೆಟ್ಟ ಹತ್ತುವ ಸೈಕಲ್ಲುಗಳಿಗೆ ಇಂಥದೊಂದು ಹುಚ್ಚು ಹಿಡಿದಿತ್ತು. ಪೆಡಲಿನಿಂದ ಹಿಂದಿನ ಚಕ್ರಕ್ಕೆ ಹೋಗುವ ಕೊಳವೆಯನ್ನು ಚೈನಿಗಿಂತ ಮೇಲಕ್ಕೆತ್ತಿ ಕೂರಿಸುತ್ತಿದ್ದರು. ಚೈನು ಬಡಿಯುವುದಿಲ್ಲ, ನೋಡಲಿಕ್ಕೋ, ನೆಗೆಯಲು ಕಾಲು ಮಡಿಸಿದ ಜಿಂಕೆಯ ಹಾಗೆ. ಎರಡೇ ವರ್ಷ. ಆಮೇಲೆ ಒಂದೊಂದೇ ಫ್ರೇಮು ಬೆಸುಗೆಯ ಹತ್ತಿರ ಬಿರುಕು ಬಿಟ್ಟಿತು, ಜನ ಕೈಬಿಟ್ಟರು. ಈಗ ಹಳೆಯ ಸೈಕಲ್ಲಿನ ಗೀಳಿನವರು ಅವನ್ನೇ ಹುಡುಕಿ ಕೊಳ್ಳುತ್ತಿದ್ದರು. ಮೊದಲಿನ ಬಣ್ಣ ಉಳಿದಿದ್ದರಂತೂ ಕೇಳುವುದೇ ಬೇಡ.

"ನಾಳೆ ಬೆಳಿಗ್ಗೆ ಇದ್ರಲ್ಲೇ ಬೆಟ್ಟ ಇಳೀಬೇಕು," ನರ್ಸ್ ಅಂದಳು. " ಗೀರು ಮುಚ್ಚಿಕೊಡಿ, ಸಾಕು. ಉಳಿದ ಬಣ್ಣ ಮಾತ್ರ ಮುಟ್ಬೇಡಿ. ಈ ಹಸಿರಿಗಾಗಿ ಎರಡು ವರ್ಷ ಅಲೆದಿದೀನಿ."

"ಕೊಟ್ಟು ಹೋಗಮ್ಮ," ಮೂಲೆಯ ಕುರ್ಚಿಯಿಂದ ಬಣ್ಣದಮ್ಮನ ಗಂಡ ಹೇಳಿದ. ಆಗ ಇಲ್ಲಿ ಇಂಥ ಫ್ರೇಮುಗಳನ್ನು ಬೆಸೆಯುತ್ತಿದ್ದವನು ಅವನೇ. ಈಗ ಕೈ ನಡುಗುತ್ತಿದ್ದುದರಿಂದ ಬರೀ ತಿರುಪುಗಳನ್ನು ಆರಿಸಿಡುತ್ತಿದ್ದ. "ಇವಳ ಕೈ ಬಿದ್ರೆ ಎಂಥಾ ಗೀರೂ ಮಾಯ. ನನ್ನ ಮುಖದ ಸುಕ್ಕು ಮಾತ್ರ ಆಗಲ್ಲ ಅಂತಾಳೆ."

ನರ್ಸ್ ನಕ್ಕಳು. ಬಣ್ಣದಮ್ಮನಿಗೆ ನಗು ಬರಲಿಲ್ಲ. ಗೀರಿನ ಮೇಲೆ ಉಗುರು ಎಳೆದು ನೋಡಿದಳು. ಬಿರುಕು ಬಣ್ಣದ್ದೋ, ಕಬ್ಬಿಣದ್ದೋ? ಕೆರೆಯದೆ ತಿಳಿಯುವಂತಿರಲಿಲ್ಲ. ಕುಂಚ ಅದ್ದಿ ಒಮ್ಮೆ ಎಳೆದರೆ ಹುಡುಗಿ ಖುಷಿಯಾಗಿ ಹೋಗುತ್ತಾಳೆ. ನಾಳೆ ಇಳಿಜಾರಿನಲ್ಲಿ...

"ಕೆರೀಬೇಕು," ಎಂದಳು. "ಇಷ್ಟಗಲ ಬಣ್ಣ ಹೋಗುತ್ತೆ. ಮತ್ತೆ ಹಾಗೇ ಬರಲ್ಲ."

"ಯಾಕಮ್ಮಾ? ಬೆಸುಗೆ ಎಷ್ಟು ನುಣುಪಾಗಿದೆ ನೋಡಿ."

"ಅದು ಬೆಸುಗೆ ಅಲ್ಲ. ಪುಟ್ಟಿ." ಗಂಡನ ಕಡೆ ನೋಡದೆ ಹೇಳಿದಳು. "ಬೆಸುಗೆ ಗಂಟುಗಂಟಾಗಿ ಬರ್ತಿತ್ತು. ಇವ್ರನ್ನ ಯಾರೂ ಆಡ್ಕೋಬಾರ್ದು ಅಂತ ನಾನೇ ಮೆತ್ತಿ ಉಜ್ಜಿ ಬಣ್ಣ ಹೊಡೀತಿದ್ದೆ. ಒಳಗೆ ಸೀಳಿದ್ರೂ ಬೇಗ ಕಾಣಲ್ಲ."

ತಿರುಪುಗಳ ಸದ್ದು ನಿಂತಿತು.

"ನಂಗೊತ್ತಿತ್ತು ಕಣೇ," ಗಂಡ ಮೆಲ್ಲಗೆ ಅಂದ. "ಅಷ್ಟು ನುಣುಪು ನನ್ನ ಕೈಯಲ್ಲಿ ಯಾವತ್ತು ಬಂದಿದೆ? ಕೆರಿ."

ನರ್ಸ್ ಸ್ವಲ್ಪ ಹೊತ್ತು ಆ ಹಸಿರನ್ನೇ ನೋಡಿದಳು. ಆಮೇಲೆ ತಾನೇ ಬಣ್ಣ ಉಜ್ಜುವ ಉಪ್ಪುಕಾಗದ ಎತ್ತಿ ಬಣ್ಣದಮ್ಮನ ಕೈಗಿಟ್ಟಳು.

ಹಸಿರು ಹೋಯಿತು, ಬೂದುಬಣ್ಣದ ಪುಟ್ಟಿ ಪುಡಿಯಾಗಿ ಉದುರಿತು, ಗಂಟುಗಂಟಾದ ಬೆಸುಗೆ ಮೇಲೆದ್ದಿತು. ಬಣ್ಣದಮ್ಮ ಅದಕ್ಕೆ ಸೀಮೆಎಣ್ಣೆ ಸವರಿದಳು. ಸ್ವಲ್ಪ ಹೊತ್ತು ಬಿಟ್ಟು ಒಣಬಟ್ಟೆಯಿಂದ ಒಂದು ಹನಿಯೂ ಉಳಿಯದಂತೆ ಒರೆಸಿ, ಮೇಲೆ ಸೀಮೆಸುಣ್ಣ ಉಜ್ಜಿದಳು. ಕಬ್ಬಿಣದಲ್ಲಿ ಬಿರುಕಿದ್ದರೆ ಒಳಗೆ ಕೂತ ಎಣ್ಣೆ ಸುಣ್ಣಕ್ಕೆ ಏರಿ ತೋರಿಸಿಕೊಳ್ಳುತ್ತದೆ.

"ಎಷ್ಟು ಹೊತ್ತು?"

"ಐದು ನಿಮಿಷ."

ಬಣ್ಣದಮ್ಮನ ಕೈಯಲ್ಲಿದ್ದ ಸುಣ್ಣದ ತುಂಡು ಬೆಂಚಿಗೆ ತಟತಟ ಬಡಿಯುತ್ತಿತ್ತು. ನರ್ಸ್ ಅದನ್ನು ಬಿಡಿಸಿ ಪಕ್ಕಕ್ಕಿಟ್ಟು, ಅವಳ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಗಡಿಯಾರ ನೋಡತೊಡಗಿದಳು. "ನಾಡಿ ಓಡ್ತಾ ಇದೆಯಲ್ಲಮ್ಮಾ," ಎಂದಳು.

ಗಂಡ ಎದ್ದು ಬಂದು ಬೆಂಚಿನ ಅಂಚು ಹಿಡಿದು ನಿಂತ. ಸುಣ್ಣ ಬೆಳ್ಳಗೇ ಇತ್ತು. ಇನ್ನೂ ಬೆಳ್ಳಗೇ ಇತ್ತು. ಆಮೇಲೆ ಬೆಸುಗೆಯ ಕೆಳಗಿನಿಂದ ಕೂದಲೆಳೆಯಂಥ ಒಂದು ಕಪ್ಪು ಗೆರೆ ಒದ್ದೆಯಾಗಿ ಮೂಡಿತು. ಕೊಳವೆಯನ್ನು ಬಳಸುತ್ತ, ಅರ್ಧ ಸುತ್ತು ದಾಟಿ, ಮುಂದಕ್ಕೆ ಹೋಯಿತು.

ಗಡಿಯಾರದ ಮುಳ್ಳು ಒಂದು ಸುತ್ತು ಮುಗಿಸಿ ಇನ್ನೊಂದು ಸುತ್ತು ಹೊರಟಿತ್ತು. ನರ್ಸ್ ಈಗ ನಾಡಿ ಎಣಿಸುತ್ತಿರಲಿಲ್ಲ, ಬಣ್ಣದಮ್ಮನ ಮಣಿಕಟ್ಟಿನಿಂದ ಬೆರಳನ್ನೂ ತೆಗೆಯಲಿಲ್ಲ.