ಮೂವತ್ತೊಂಬತ್ತು ನಿಮಿಷ

"ಮೂವತ್ತೊಂಬತ್ತು," ಎಂದ ಅರಣ್ಯ ಇಲಾಖೆಯ ಗೇಟು ಕಾಯುವ ರುದ್ರಸ್ವಾಮಿ, ಗೋಡೆಯ ಗಡಿಯಾರವನ್ನೂ ಕೈಯಲ್ಲಿದ್ದ ಚೀಟಿಯನ್ನೂ ನೋಡಿ. "ನಿನ್ನೆನೂ ಇಷ್ಟೇ. ಎಲ್ಲಿ ನಿಲ್ಲಿಸಿದ್ದೆ ಹೇಳಮ್ಮ?"

ಜೀಪು ಓಡಿಸಿಕೊಂಡು ಬಂದಿದ್ದ ವನಿತಾ ಮೀಟರಿನ ಕಡೆ ನೋಡಿದಳು. ಅವಳು ಎಲ್ಲೂ ನಿಲ್ಲಿಸಿರಲಿಲ್ಲ.

ಕಾಡಿನೊಳಗಿನ ಆ ರಸ್ತೆ ಹದಿನೈದು ಕಿಲೋಮೀಟರ್. ಈಚೆ ಗೇಟಿನಲ್ಲಿ ಹೊರಟ ಹೊತ್ತನ್ನು ಚೀಟಿಯಲ್ಲಿ ಬರೆದುಕೊಡುತ್ತಾರೆ, ಆಚೆ ಗೇಟಿನಲ್ಲಿ ಮುಟ್ಟಿದ ಹೊತ್ತು ನೋಡುತ್ತಾರೆ. ಬೋರ್ಡಿನ ಮೇಲೆ ವೇಗ ಮೂವತ್ತು ಎಂದಿದೆ. ಇಪ್ಪತ್ತೈದು ನಿಮಿಷಕ್ಕಿಂತ ಬೇಗ ಬಂದರೆ ಓಡಿಸಿದೆ ಎಂದು ಅರ್ಥ, ಮೂವತ್ತೈದು ದಾಟಿದರೆ ಕಾಡಿನಲ್ಲಿ ನಿಲ್ಲಿಸಿದೆ ಎಂದು ಅರ್ಥ. ಮೂರು ಸಲ ತಪ್ಪಿದರೆ ಗಾಡಿಯ ಪಾಸು ರದ್ದು. ರೆಸಾರ್ಟಿನ ಬಿಳಿ ಗಾಡಿಗಳು ಹದಿನೆಂಟು ನಿಮಿಷಕ್ಕೆ ಬಂದು ನಿಂತರೂ ಅವರ ಚೀಟಿಯನ್ನು ಯಾರೂ ಬಿಡಿಸಿ ನೋಡುವುದಿಲ್ಲ. ಕಲ್ಲುಗುಂಡಿ ಹಾಡಿಯ ಹೆಂಗಸರ ಸಂಘದ ಜೀಪಿಗೆ ಮಾತ್ರ ಗಡಿಯಾರ ಸೆಕೆಂಡು ತಪ್ಪದೆ ನಡೆಯುತ್ತದೆ.

"ಇಳೀರಿ ಎಲ್ಲಾ. ಚೀಲ ತೋರ್ಸಿ."

ಹನ್ನೊಂದು ಜನ ಹೆಂಗಸರು ಇಳಿದರು. ಶುಂಠಿ ಹೊಲಕ್ಕೆ ಕೂಲಿಗೆ ಹೊರಟವರು. ರಾಗಿಮುದ್ದೆಯ ಡಬ್ಬಿ, ಉಪ್ಪುಸಾರಿನ ಡಬ್ಬಿ ಒಂದೊಂದಾಗಿ ಬಾಯಿ ತೆರೆದವು. ಜೇನೂ ಸಿಗಲಿಲ್ಲ, ಮರದ ತುಂಡೂ ಸಿಗಲಿಲ್ಲ.

"ಉಪ್ಪು ಕಮ್ಮಿ ಆಗ್ಬುಟ್ಟದೆ, ನೋಡ್ತೀರಾ ಸಾರ್?" ಎಂದಳು ಮುತ್ತಿ, ಎಲ್ಲರಿಗಿಂತ ಹಿರಿಯಳು. ಹೆಂಗಸರು ಸೆರಗಿನೊಳಗೆ ನಕ್ಕರು. ರುದ್ರಸ್ವಾಮಿ ನಗಲಿಲ್ಲ. ಎರಡನೆಯ ಚೀಟಿಯ ಮೇಲೂ ಕೆಂಪು ಗೆರೆ ಎಳೆದು ಮೇಜಿನ ಒಳಗಿಟ್ಟ.

"ಇನ್ನೊಂದು ಸಲ ಆದ್ರೆ ನನ್ನ ಕೈಲಿಲ್ಲ."

ಪಾಸು ಹೋದರೆ ಕಾಡನ್ನು ಸುತ್ತಿ ಬಳಸಿ ಬರಬೇಕು. ಅಷ್ಟು ದೂರದಿಂದ ಬರುವ ಹೊತ್ತಿಗೆ ಹೊಲದಲ್ಲಿ ಬೇರೆ ಆಳುಗಳು ಬಗ್ಗಿರುತ್ತಾರೆ. ಕಾಲುನಡಿಗೆಯಲ್ಲಿ ಕಾಡು ದಾಟುವುದಕ್ಕೂ ಬಿಡುವುದಿಲ್ಲ. ಈ ಹೆಂಗಸರ ಅಜ್ಜಂದಿರು ಹುಟ್ಟಿದ್ದು ಆ ಕಾಡಿನಲ್ಲೇ, ಅಲ್ಲಿಂದ ಎಬ್ಬಿಸಿ ಹೊರಗೆ ಹಾಕಿದ ಮೇಲೆ ಕಾಡಿನ ಬಾಗಿಲಲ್ಲಿ ಚೀಟಿ ಹಿಡಿದು ನಿಲ್ಲುವ ಕಾಲ ಬಂತು.

ಜೀಪು ಹೊರಟ ಮೇಲೂ ವನಿತಾಳ ತಲೆ ಅಲ್ಲೇ ಸುತ್ತುತ್ತಿತ್ತು. ಮೀಟರಿನ ಮುಳ್ಳು ಸರಿಯಾಗಿ ಮೂವತ್ತರಲ್ಲೇ ಇತ್ತು. ಬೇರೆ ಯಾರಾದರೂ ಆಗಿದ್ದರೆ ಮೂವತ್ತೈದಕ್ಕೋ ನಲವತ್ತಕ್ಕೋ ಒತ್ತಿ ಮರೆತುಬಿಡುತ್ತಿದ್ದರು. ಅವಳು ಹಾಗೆ ಮಾಡುವವಳಲ್ಲ. ತನ್ನ ಮಾತನ್ನು ಗೇಟಿನಲ್ಲಿ ಯಾರೂ ನಂಬುವುದಿಲ್ಲ ಎಂದು ಗೊತ್ತಿದ್ದುದರಿಂದಲೇ ಮೀಟರನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಮುಳ್ಳು ಮೇಲೆ ಹೋಗಬಾರದು, ಕೆಳಗೂ ಬರಬಾರದು. ಈಗ ನೋಡಿದರೆ ಕಿಲೋಮೀಟರ್ ಲೆಕ್ಕವೂ ತಪ್ಪಾಗಿತ್ತು. ಗೇಟಿನಿಂದ ಗೇಟಿಗೆ ಇಪ್ಪತ್ತು ಎಂದು ತೋರಿಸುತ್ತಿತ್ತು.

"ಮುತ್ತಕ್ಕ, ರಸ್ತೆ ಏನಾದ್ರೂ ಉದ್ದ ಆಗ್ಬುಟ್ಟದಾ?"

"ನಿಂಗೇನು ಗಾಳಿ ಮೆಟ್ಕೊಂಡದ? ನಾನು ಹೊಟ್ಟೇಲಿ ಕೂಸು ಇಟ್ಕೊಂಡು ನಡ್ದಿರೋ ರಸ್ತೆ ಕಣವ್ವ. ಅದು ಯಾಕೆ ಉದ್ದ ಆಯ್ತದೆ?"

"ಮತ್ತೆ ಇಪ್ಪತ್ತು ಅಂತದಲ್ಲ ಇದು."

"ಗುರುವಾರ ಗಾಡಿ ರಿಪೇರಿ ಮಾಡ್ದೋನ್ನ ಕೇಳು. ಅವತ್ತಿಂದ ನಂಗೂ ಎತ್ತಿನ ಗಾಡೀಲಿ ಹೋದಂಗೆ ಆಯ್ತದೆ."

ಭಾನುವಾರ ಇಬ್ಬರೂ ಹುಣಸೂರಿಗೆ ಹೋದರು. ಗುರುವಾರ ರಿಪೇರಿ ಮಾಡಿದವನು ಶಶಿಕುಮಾರ್, ಬೈಪಾಸಿನ ಬಳಿ ಗ್ಯಾರೇಜು. ಶುಂಠಿ ಮೂಟೆ ಹೇರಿಕೊಂಡು ಕೆಸರಿನಲ್ಲಿ ಸಿಕ್ಕಿ ಜೀಪಿನ ಹಿಂದಿನ ಆ್ಯಕ್ಸಲ್ ಮುರಿದಾಗ, ಕೊಡಗಿನ ಬೆಟ್ಟಗಳಲ್ಲಿ ಜೀಪು ಹತ್ತಿಸುವ ಪಂದ್ಯದವರು ಬಿಚ್ಚಿ ಬಿಟ್ಟುಹೋಗಿದ್ದ ಆ್ಯಕ್ಸಲನ್ನು ತಂದು ಕೂರಿಸಿದ್ದ. ಎಂಥ ಕೆಸರಿನಲ್ಲೂ ಎಳೆಯುತ್ತದೆ ಎಂದಿದ್ದ. ಎಳೆಯುತ್ತಿದ್ದುದೂ ನಿಜ.

ವನಿತಾ ಹೇಳಿದ್ದನ್ನೆಲ್ಲ ಕೇಳಿ ಅವನು ಹಣೆ ಹಣೆ ಚಚ್ಚಿಕೊಂಡ.

"ತಪ್ಪು ನಂದೇ ಕಣಮ್ಮ. ಆ್ಯಕ್ಸಲ್ ಬದಲಾಯ್ಸ್ದೆ, ಗಾಡಿ ಒಳಗಿನ ಕಂಪ್ಯೂಟರ್‌ಗೆ ಹೇಳೋದು ಮರ್ತೆ."

"ಕಂಪ್ಯೂಟರ್‌ಗೆ ಗಾಡಿ ಓಡೋದು ಕಾಣಲ್ವಾ ಅಣ್ಣ?"

"ಅದಕ್ಕೆ ರಸ್ತೆ ಕಾಣಲ್ಲ, ಚಕ್ರನೂ ಕಾಣಲ್ಲ. ಇಂಜಿನ್ ಕಡೆಯಿಂದ ಹಿಂದಕ್ಕೆ ಒಂದು ಶಾಫ್ಟ್ ಬತ್ತದಲ್ಲ, ಅದು ಸುತ್ತೋದನ್ನ ಎಣಿಸ್ಕೊಂಡು ಕೂತಿರ್ತದೆ. ಇಷ್ಟು ಸುತ್ತಿಗೆ ಇಷ್ಟು ದೂರ ಅಂತ ಕಂಪನಿಯೋರು ಹೇಳ್ಕೊಟ್ಟವ್ರೆ. ಈ ಹೊಸ ಆ್ಯಕ್ಸಲ್ ಒಳಗಿನ ಗೇರಿನ ಹಲ್ಲು ಬೇರೆ. ಶಾಫ್ಟು ಜಾಸ್ತಿ ಸುತ್ತುದ್ರೂ ಚಕ್ರ ಕಮ್ಮಿ ಸುತ್ತದೆ. ಅದು ಮೂವತ್ತು ಅಂದಾಗ ನೀನು ಹೋಗ್ತಾ ಇದ್ದಿದ್ದು ಇಪ್ಪತ್ತಮೂರು."

ವನಿತಾಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಮುತ್ತಿಗೆ ಏನೂ ಆಗಲಿಲ್ಲ. "ಕಣ್ಣಿಲ್ದೋನ್ನ ಯಾಕೆ ಲೆಕ್ಕಕ್ಕೆ ಕೂರಿಸಿದ್ರು?" ಎಂದಳು.

ಹಲ್ಲಿನ ಲೆಕ್ಕ ಅವನಿಗೂ ಗೊತ್ತಿರಲಿಲ್ಲ, ಪಂದ್ಯದವರು ಏನೇನು ಬದಲಾಯಿಸಿದ್ದರೋ. ಹಿಂದಿನ ಎರಡು ಚಕ್ರವನ್ನೂ ನೆಲದಿಂದ ಎತ್ತಿ ನಿಲ್ಲಿಸಿದ. ಶಾಫ್ಟಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ. ಆ ಕಡೆಯ ಚಕ್ರವನ್ನು ಅವನು, ಈ ಕಡೆಯದನ್ನು ವನಿತಾ ಒಂದೇ ಸಮ ತಿರುಗಿಸಿದರು. ಮುತ್ತಿ ಕುಕ್ಕರಗಾಲಲ್ಲಿ ಕೂತು ಗೆರೆ ಎಣಿಸಿದಳು. ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಗೆರೆ ಐದು ಸಲ ಬಂದು, ಆರನೆಯದಕ್ಕೆ ಅರ್ಧ ದಾರಿಯೂ ಬರದೆ ನಿಂತಿತು. ಹಳೆಯ ಆ್ಯಕ್ಸಲಿನಲ್ಲಿ ನಾಲ್ಕು ಸುತ್ತು, ಚೂರು ಮೇಲೆ. ಅವನು ಇನ್ನೂ ಹತ್ತು ಸುತ್ತು ತಿರುಗಿಸಿ ಲೆಕ್ಕ ಗಟ್ಟಿ ಮಾಡಿಕೊಂಡ. ಸ್ಟೇರಿಂಗಿನ ಕೆಳಗೆ ತಂತಿ ಸಿಕ್ಕಿಸಿ, ಲ್ಯಾಪ್‌ಟಾಪಿನಲ್ಲಿ ಹಳೆಯ ಅಂಕಿ ಅಳಿಸಿ ಹೊಸದು ಕೂರಿಸಿದ. ಗಾವಡಗೆರೆ ರಸ್ತೆಯಲ್ಲಿ ಮೈಲಿಗಲ್ಲಿನಿಂದ ಮೈಲಿಗಲ್ಲಿಗೆ ಓಡಿಸಿ ನೋಡಿದರು. ಒಂದು ಕಿಲೋಮೀಟರ್ ಒಂದೇ ಕಿಲೋಮೀಟರ್ ಆಯಿತು. ಹಳೆಯ ಅಂಕಿ, ಹೊಸ ಅಂಕಿ ಎರಡೂ ಇರುವ ಹಾಳೆಯನ್ನು ಅವನು ಮುದ್ರಿಸಿಕೊಟ್ಟ. ಗ್ಯಾರೇಜಿನ ಸೀಲನ್ನೂ ಒತ್ತಿದ.

ಸೋಮವಾರ ಬೆಳಿಗ್ಗೆ ಜೀಪು ಮೂವತ್ತೊಂದು ನಿಮಿಷಕ್ಕೆ ಗೇಟು ಮುಟ್ಟಿತು. ವನಿತಾ ಹಾಳೆ ಹಿಡಿದು ಇಳಿದಳು, ಆ ಎರಡು ಕೆಂಪು ಗೆರೆ ತೆಗೆಸಬೇಕೆಂದು.

ರುದ್ರಸ್ವಾಮಿ ಚೀಟಿ ನೋಡಿ ತಲೆದೂಗಿದ. "ಇವತ್ತು ಹೆಂಗೆ ಸರಿಯಾಗಿ ಬಂದೆ? ಅಂದ್ರೆ ಅವೆರಡು ದಿನ ನಿಲ್ಲಿಸಿದ್ದಿದ್ದು ನಿಜ ಅಂತಾಯ್ತು."

ತಡವಾದರೆ ತಪ್ಪು. ಸರಿಯಾಗಿ ಬಂದರೆ ತಡವಾಗಿದ್ದಕ್ಕೆ ಸಾಕ್ಷಿ. ವನಿತಾ ಹಾಳೆ ಮುಂದಿಟ್ಟಳು. ಆ್ಯಕ್ಸಲ್, ಶಾಫ್ಟು, ಹಲ್ಲು, ಇಪ್ಪತ್ತಮೂರು ಎಲ್ಲವನ್ನೂ ಹೇಳಿದಳು. ಹೇಳುತ್ತಾ ಹೇಳುತ್ತಾ ಅವಳಿಗೇ ಕಲಸಿಹೋಯಿತು.

"ಓಹೋ, ಗಾಡಿ ಕಂಪ್ಯೂಟರ್ ತಿದ್ದಿದ್ದೀಯ? ಅದು ಇನ್ನೊಂದು ಕೇಸು." ಅವನು ಕೆಂಪು ಪೆನ್ನು ತೆಗೆದ. "ಪಾಸು ಕೊಡಿಲ್ಲಿ."

ಹಿಂದೆ ರೆಸಾರ್ಟಿನ ಗಾಡಿಯೊಂದು ಹಾರ್ನ್ ಹೊಡೆಯಿತು. ವನಿತಾ ಜೀಪಿಗೆ ಹತ್ತಿದಳು. ಮುಂದೆ ಹೋಗಿ ಪಕ್ಕಕ್ಕೆ ನಿಲ್ಲಿಸಿ ಪಾಸು ಕೊಡುತ್ತಾಳೆಂದು ಅವನು ಗೇಟಿನ ಅಡ್ಡಕಂಬ ಎತ್ತಿದ. ಅವಳು ಜೀಪನ್ನು ಆ ಕಂಬದ ಕೆಳಕ್ಕೆ ತಂದು, ಇಂಜಿನ್ ನಿಲ್ಲಿಸಿ, ಕೀಲಿ ಕಿತ್ತು ಮುಷ್ಟಿಯಲ್ಲಿ ಹಿಡಿದಳು. ಕಂಬ ಇಳಿಯುವ ಹಾಗಿಲ್ಲ, ಹಿಂದಿನವರು ದಾಟುವ ಹಾಗಿಲ್ಲ.

"ಏಯ್, ಏನಿದು? ತೆಗಿ ಗಾಡಿ."

"ಪಾಸು ಕೊಡ್ತೀನಿ ಸಾರ್. ಮೊದ್ಲು ಬರ್ಕೊಡಿ. ಮೂವತ್ತೊಂಬತ್ತು ತಪ್ಪೋ, ಮೂವತ್ತೊಂದು ತಪ್ಪೋ? ಎರಡೂ ಹೆಂಗೆ ತಪ್ಪಾಯ್ತದೆ ಅಂತ ನಂಗೆ ಅರ್ಥ ಆಯ್ತಾ ಇಲ್ಲ. ನೀವೇ ಬರೀರಿ."

ಒಬ್ಬೊಬ್ಬರಾಗಿ ಹನ್ನೊಂದು ಹೆಂಗಸರೂ ಇಳಿದು ಕಂಬದ ಕೆಳಗೆ ಕೂತರು. ಡಬ್ಬಿಗಳನ್ನು ತಾವೇ ತೆರೆದು ಮುಂದಿಟ್ಟುಕೊಂಡರು. ಹಿಂದೆ ನಾಲ್ಕು ಗಾಡಿ, ಆಮೇಲೆ ಏಳು. ರೆಸಾರ್ಟಿನ ಗಾಡಿಯಿಂದ ಕಪ್ಪು ಕನ್ನಡಕದವನೊಬ್ಬ ಇಳಿದು ಬಂದು, ಅರಣ್ಯದ ಸಾಹೇಬರಿಗೆ ಫೋನ್ ಮಾಡಲಾ ಎಂದು ಕೇಳಿದ. ಕೇಳಿದ್ದು ವನಿತಾಳನ್ನಲ್ಲ, ರುದ್ರಸ್ವಾಮಿಯನ್ನು. ಹದಿನೆಂಟು ನಿಮಿಷದ ಚೀಟಿ ಆ ಕನ್ನಡಕದವನ ಕೈಯಲ್ಲೇ ಇತ್ತು. ರುದ್ರಸ್ವಾಮಿ ಅದನ್ನು ನೋಡಿದ. ಸಾಹೇಬರು ಬಂದರೆ ಆ ಚೀಟಿಯನ್ನೂ ಬಿಡಿಸಿ ನೋಡುತ್ತಾರೆ. ಆಮೇಲೆ ಹೆಂಗಸರನ್ನು ನೋಡಿದ.

"ಬ್ಯಾಡಿ ಸಾರ್, ಇರಿ," ಎಂದು ಅವನನ್ನು ಕಳಿಸಿ, ಮೇಜಿನಿಂದ ಹಳೆಯ ಎರಡು ಚೀಟಿ ತಂದ. ಕೆಂಪು ಪೆನ್ನು ಒಳಗಿಟ್ಟು ನೀಲಿ ತೆಗೆದ. "ಏನಂತ ಬರೀಲಿ ಹೇಳಮ್ಮ."

ವನಿತಾ ಬಾಯಿ ತೆರೆದಳು. ಸುತ್ತು, ಹಲ್ಲು, ಅಂಕಿ ಎಂದು ಮತ್ತೆ ಮೊದಲಿನಿಂದ ಶುರುಮಾಡಿದಳು. ಕೂತಲ್ಲಿಂದಲೇ ಮುತ್ತಿ ಹೇಳಿದಳು:

"ತಡ ಆಗಿತ್ತು. ನಿಲ್ಲಿಸಿರ್ನಿಲ್ಲ. ಅಷ್ಟೇ ಬರೀರಿ."

ಅವನು ಎರಡು ಚೀಟಿಯ ಮೇಲೂ ಹಾಗೇ ಬರೆದ. ಸಹಿ ಹಾಕಿ, ಸೀಲು ಒತ್ತಿ ಕೊಟ್ಟ. ವನಿತಾ ಎರಡನ್ನೂ ಗಟ್ಟಿಯಾಗಿ ಓದಿದಳು, ಓದು ಬಾರದವರಿಗೂ ಕೇಳಲಿ ಎಂದು. ಪಾಸನ್ನು ಅವನು ಮತ್ತೆ ಕೇಳಲಿಲ್ಲ. ಹೆಂಗಸರು ಡಬ್ಬಿ ಮುಚ್ಚಿಕೊಂಡು ಹತ್ತಿದರು. ಮೂವತ್ತೊಂದು ಅವನಿಗೆ ಯಾಕೆ ತಪ್ಪೆನಿಸಿತ್ತು ಎಂಬುದು ವನಿತಾಗೆ ಆಗಲೂ ಅರ್ಥವಾಗಿರಲಿಲ್ಲ.