ಗೆಣಸಿನ ಗಾಡಿಯ ಸಿಳ್ಳೆ

ಎವೆಲಿಯೊನ ಸಂಗೀತ ಕೇಳಿ ಜನ ಎದ್ದು ಹೋಗಿದ್ದುಂಟು. ಕೇಳಿದೊಡನೆ ಎದ್ದು ಬಂದವರು ಒಬ್ಬರೂ ಇಲ್ಲ. ಒಬ್ಬರಾದರೂ ಹಾಗೆ ಬರಲಿ ಎಂಬುದೇ ಅವನ ಹಂಬಲ. ಬಾಯಲ್ಲಿ ಮಾತ್ರ, "ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ" ಎನ್ನುತ್ತಿದ್ದ.

ಫ್ರಿಜ್ಜಿನ ಗೊಣಗಾಟ, ಸೋರುವ ನಲ್ಲಿ, ಚಿಕ್ಕಮ್ಮನ ಹೊಲಿಗೆ ಯಂತ್ರ, ಎಲ್ಲವನ್ನೂ ಕ್ಯಾಸೆಟ್ಟಿಗೆ ತುಂಬಿ ಶನಿವಾರ ಮೆಕ್ಸಿಕೊ ನಗರದ ಸಂತೆಯಲ್ಲಿ ಹರವುತ್ತಿದ್ದ. ಅಲ್ಲಿ ಮಾರಾಟಕ್ಕಿಂತ ಅದಲುಬದಲೇ ಹೆಚ್ಚು. ಅವನಂಥವರೇ ಹತ್ತಾರು ಮಂದಿ ತಮ್ಮ ಗದ್ದಲ ಕೊಟ್ಟು ಇವನ ಗದ್ದಲ ಒಯ್ದು, ಮುಂದಿನ ವಾರ "ಅದ್ಭುತ ಕಣೋ!" ಎನ್ನುತ್ತಿದ್ದರು. ಡಬ್ಬಿ ತೆರೆಯದೆಯೇ ಹೊಗಳುವ ವಿದ್ಯೆ ಅಲ್ಲಿ ಎಲ್ಲರಿಗೂ ಸಿದ್ಧಿಸಿತ್ತು, ಇವನಿಗೂ. ಹಾಳೂರಿಗೆ ಉಳಿದವನೇ ಗೌಡ.

ಒಂದು ಸಂಜೆ ಗೆಣಸಿನ ಗಾಡಿಯ ಇಲಾರಿಯೊ, ಬೀದಿಯವರು ಗೌರವದಿಂದ 'ದೋನ್' ಎನ್ನುವ ಹಿರಿಯ, ಅವನ ಬಾಗಿಲು ಬಡಿದ. ಗೆಣಸು ಬೇಯಿಸುವ ಆ ಗಾಡಿಯ ಹಬೆಯ ಸಿಳ್ಳೆ ಒಡೆದಿತ್ತು. ಸಿಳ್ಳೆಯಿಲ್ಲದೆ ಗೆಣಸು ಬಂದದ್ದು ಬೀದಿಗೆ ಗೊತ್ತಾಗುವುದು ಹೇಗೆ?

"ಹೋದ ವರ್ಷ ನನ್ನ ಸಿಳ್ಳೆ ಟೇಪಲ್ಲಿ ಹಿಡ್ಕೊಂಡ್ಯಲ್ಲ ತಮ್ಮಾ, ವಾಪಸ್ ಕೊಡು."

"ಅದೀಗ ಸಿಳ್ಳೆ ಅಲ್ಲ, ದೋನ್. ನಿಧಾನ ಮಾಡಿ, ಹಿಂದುಮುಂದು ತಿರುಗಿಸಿ, ದೊಡ್ಡ ಕೃತಿ ಮಾಡಿದೀನಿ."

"ಹಾಳು ಮಾಡಿದೀನಿ ಅನ್ನು. ಇರ್ಲಿ, ಹಾಕು."

ಗಾಡಿಯ ಮೇಲೆ ಕೂತ ಟೇಪ್ ರೆಕಾರ್ಡರ್ ಈಯಲಾರದ ಹಸುವಿನಂತೆ ಗೋಳಿಟ್ಟಿತು. ಬಾಗಿಲುಗಳು ತೆರೆದವು. "ಯಾರ್ ಸತ್ರು?" ಎಂದ ಒಬ್ಬ. "ಬಾಯ್ಲರ್ ಸಿಡಿಯುತ್ತೆ!" ಎಂದ ಇನ್ನೊಬ್ಬ.

"ಯಾರೂ ಸತ್ತಿಲ್ರೋ, ಗೆಣಸು ಬಂದಿದೆ!" ಎಂದು ದೋನ್ ಇಲಾರಿಯೊ ಕೂಗಿದ.

ಬಂದವರು ಬೈಯುತ್ತಲೇ ಕೊಂಡರು. ಬೀದಿ ತುಂಬ ಜನ! ಎವೆಲಿಯೊಗೆ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಮೂಲೆಮನೆಯ ಮುದುಕಿ ದೋನ್ಯಾ ತೆಚಾ ತಟ್ಟೆ ಹಿಡಿದು ಬಂದು ಕಿವಿಗೊಟ್ಟಳು.

"ಇದು ಯಾರ್ ಮಾಡಿದ್ದು?"

ಎವೆಲಿಯೊ ಮುಂದೆ ಬಂದ. "ನಾನೇ, ದೋನ್ಯಾ."

"ಹಾಗಾದ್ರೆ ಎರಡು ಗೆಣಸು ಹಾಕಪ್ಪ. ಮೇಲೆ ಸಿಹಿಹಾಲು ಜಾಸ್ತಿ."

ಕೃತಿಯ ಅರ್ಥ ಕುರಿತು ಎವೆಲಿಯೊನ ಬಳಿ ಒಂದು ಭಾಷಣವೇ ಸಿದ್ಧವಿತ್ತು. ಅದನ್ನು ನುಂಗಿಕೊಂಡು, ಗಾಡಿಯ ಮೇಲಿನ ಡಬ್ಬಿ ತಾನೇ ಎತ್ತಿ, ಗೆಣಸು ಮುಳುಗುವಷ್ಟು ಹಾಲು ಸುರಿದ.

"ಸಾಕೋ ಮಾರಾಯ, ನಿಮ್ಮಪ್ಪನ ಮನೆ ಹಾಲಾ?" ಎಂದ ದೋನ್ ಇಲಾರಿಯೊ.

ಎಲ್ಲರೂ ಮನೆ ಸೇರಿದರು. ತೆಚಾ ಮಾತ್ರ ಗಾಡಿಗೆ ಒರಗಿ ನಿಧಾನವಾಗಿ ತಿನ್ನುತ್ತಿದ್ದಳು. ಕ್ಯಾಸೆಟ್ಟಿನ ಒಂದು ಬದಿ ಮುಗಿದು ಟಕ್ ಎಂದಿತು. ಅವಳ ತಟ್ಟೆ ಆಗಲೇ ಖಾಲಿಯಾಗಿತ್ತು.

"ಯಾಕೋ ನಿಲ್ಲಿಸ್ದೆ?" ಎಂದಳು ಮುದುಕಿ. "ಇನ್ನೊಂದು ಬದಿ ಇಲ್ವಾ?"